ಮೆಮೊರಿ ಸುರಿದರೂ ಡೇಟಾಬೇಸ್ ಏಕೆ ತೆವಳುತ್ತದೆ?

ಪ್ರಶ್ನೆ: ಆರ್ಡರ್‌ಗಳನ್ನು ನಿರ್ವಹಿಸುವ ನಮ್ಮ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೇಲೆ ನಡೆಯುತ್ತದೆ. ಸರ್ವರ್‌ನಲ್ಲಿ 8 ಕೋರ್, 32 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇವೆ. ದತ್ತಾಂಶ ಸುಮಾರು 60 ಜಿಬಿ. ಆರ್ಡರ್ ಟೇಬಲ್ ಒಂದರಲ್ಲೇ 2 ಕೋಟಿ ಸಾಲುಗಳಿವೆ. ಮೊದಲು ತೊಂದರೆ ಇರಲಿಲ್ಲ, ಆರು ತಿಂಗಳಿಂದ ದಿನೇ ದಿನೇ ನಿಧಾನವಾಗುತ್ತಿದೆ. ಬೆಳಿಗ್ಗೆ 10ರಿಂದ 12ರವರೆಗೆ ಸಿಪಿಯು ಶೇ. 90 ದಾಟುತ್ತದೆ. ಒಂದು ಶಾಖೆಯ ‘ಇಂದಿನ ಆರ್ಡರ್‌ಗಳು’ ಪುಟ ತೆರೆಯಲು 9 ಸೆಕೆಂಡ್ ಬೇಕಾಗುತ್ತದೆ. ದಿನಾಂಕದ ಕಾಲಂಗೆ ಇಂಡೆಕ್ಸ್ (ಬೇಗ ಹುಡುಕಲು ಜೋಡಿಸಿಟ್ಟ ಸೂಚಿ) ಇದೆ, ಆದ್ದರಿಂದ ತೊಂದರೆ ಅಲ್ಲಿಲ್ಲ. ಅಂತರಜಾಲದಲ್ಲಿ ಸಿಕ್ಕ ಒಂದು ಪಟ್ಟಿಯನ್ನು ನೋಡಿ ಶೇರ್ಡ್ ಬಫರ್ಸ್ (ಡೇಟಾಬೇಸಿನ ಹಂಚಿಕೆಯ ಮೆಮೊರಿ) 24 ಜಿಬಿ, ವರ್ಕ್ ಮೆಮ್ 512 ಎಂಬಿ, ಮ್ಯಾಕ್ಸ್ ಕನೆಕ್ಷನ್ಸ್ (ಸಂಪರ್ಕಗಳ ಮಿತಿ) 1000 ಮಾಡಿದೆ. ಎರಡು ದಿನ ಪರವಾಗಿಲ್ಲ ಎನಿಸಿತು. ಮೂರನೆಯ ದಿನ ಡೇಟಾಬೇಸ್ ತಾನಾಗಿಯೇ ನಿಂತು ಮತ್ತೆ ಶುರುವಾಯಿತು. ಒಬ್ಬರು ಎಫ್‌ಸಿಂಕ್ ಎಂಬ ಸೆಟ್ಟಿಂಗ್ ಆಫ್ ಮಾಡಿ ಎನ್ನುತ್ತಾರೆ, ಇನ್ನೊಬ್ಬರು ಬೇರೆ ಡೇಟಾಬೇಸ್‌ಗೆ ಹೋಗಿ ಎನ್ನುತ್ತಾರೆ. ನಮ್ಮ ಮೇಲಧಿಕಾರಿಗಳು ರ‍್ಯಾಮನ್ನು 64 ಜಿಬಿಗೆ ಏರಿಸಲು ಸಿದ್ಧರಿದ್ದಾರೆ. ಅದಾದ ಮೇಲೂ ಗುಣವಾಗದಿದ್ದರೆ ನಾನು ಉತ್ತರ ಕೊಡಬೇಕಾಗುತ್ತದೆ. ಆ ಪುಟದ ಕ್ವೆರಿಯನ್ನೂ (ಡೇಟಾಬೇಸಿಗೆ ಕೇಳುವ ಪ್ರಶ್ನೆ), ಅದು ಹೇಗೆ ನಡೆಯಿತೆಂದು ತೋರಿಸುವ ಎಕ್ಸ್‌ಪ್ಲೇನ್ ಅನಲೈಸ್ ಫಲಿತಾಂಶವನ್ನೂ (ಪ್ಲಾನ್) ಲಗತ್ತಿಸಿದ್ದೇನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಒಂದು ನಿಧಾನದ್ದು, ಇನ್ನೊಂದು ಮೂರನೆಯ ದಿನದ ಕುಸಿತದ್ದು. ಎರಡಕ್ಕೂ ಕಾರಣ ಬೇರೆ ಬೇರೆ. ಕುಸಿತ ಹೊಸ ಸೆಟ್ಟಿಂಗ್‌ಗಳಿಂದ ಬಂದದ್ದು. ನಿಧಾನ ಮಾತ್ರ ಅವುಗಳಿಗೂ ಮೊದಲೇ ಇತ್ತು, ಅವುಗಳಿಂದ ಹೋಗುವಂಥದ್ದೂ ಅಲ್ಲ. ಕುಸಿತ ಇಂದೇ ಮರುಕಳಿಸಬಹುದಾದ್ದರಿಂದ ಮೊದಲು ಅದನ್ನು ಮುಗಿಸೋಣ.

ವರ್ಕ್ ಮೆಮ್ ಎಂದರೆ ಇಡೀ ಸರ್ವರ್‌ಗೆ ಮೀಸಲಿಡುವ ಮೆಮೊರಿ ಎಂದು ಬಹಳಷ್ಟು ಜನ ತಿಳಿದಿದ್ದಾರೆ. ನೀವೂ ಹಾಗೇ ತಿಳಿದಿರಬೇಕು. ಅದು ಒಂದು ಸಂಪರ್ಕಕ್ಕೆ ಇರುವ ಮಿತಿಯೂ ಅಲ್ಲ. ಒಂದು ಕ್ವೆರಿಯೊಳಗಿನ ಒಂದೊಂದು ವಿಂಗಡಣೆಗೆ, ಒಂದೊಂದು ಹ್ಯಾಶ್ ಕೆಲಸಕ್ಕೆ (ಸಾಲುಗಳನ್ನು ಹೊಂದಿಸುವ, ಗುಂಪು ಮಾಡುವ ಒಂದು ವಿಧಾನ) ಇರುವ ಮಿತಿ ಅದು. ಪೋಸ್ಟ್‌ಗ್ರೆಸ್‌ನ 15ನೇ ಆವೃತ್ತಿಯಿಂದ ಈಚೆಗೆ ಹ್ಯಾಶ್ ಕೆಲಸಗಳಿಗೆ ಅದರ ಎರಡು ಪಟ್ಟು ಬಳಸಿಕೊಳ್ಳಲು, ನಾವೇನೂ ಬದಲಿಸದಿದ್ದರೂ, ಅನುಮತಿ ಇದೆ. ಈಗ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಇಪ್ಪತ್ತು ಜನ ಒಟ್ಟಿಗೆ ವರದಿ ತೆಗೆಯುತ್ತಾರೆ, ಪ್ರತಿ ವರದಿಯಲ್ಲೂ ಎರಡು ದೊಡ್ಡ ವಿಂಗಡಣೆಗಳಿವೆ ಎನ್ನೋಣ. 20 × 2 × 512 ಎಂಬಿ, ಅಂದರೆ 20 ಜಿಬಿ. ಶೇರ್ಡ್ ಬಫರ್ಸ್‌ನ 24 ಜಿಬಿ ಸೇರಿದರೆ 44 ಜಿಬಿ. ಇರುವುದು 32. ಎಲ್ಲ ವರದಿಗಳೂ ಮಿತಿಯ ತನಕ ಹೋಗುವುದಿಲ್ಲ, ನಿಜ. ನಿಮ್ಮ ಮೊದಲ ಎರಡು ದಿನ ಸುಸೂತ್ರವಾಗಿ ಕಳೆದದ್ದು ಅದಕ್ಕೇ. ಮೂರನೆಯ ದಿನ ಹೋದವು.

ಮೆಮೊರಿ ಬರಿದಾದಾಗ ಲಿನಕ್ಸ್ ಯಾವುದಾದರೂ ಒಂದು ಪ್ರಕ್ರಿಯೆಯನ್ನು ಬಲವಂತವಾಗಿ ಕೊಲ್ಲುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಂಪರ್ಕವೂ ಒಂದು ಪ್ರತ್ಯೇಕ ಪ್ರಕ್ರಿಯೆ. ಅವುಗಳಲ್ಲಿ ಒಂದು ಹೀಗೆ ಸತ್ತರೆ, ಎಲ್ಲರೂ ಹಂಚಿಕೊಂಡಿರುವ ಮೆಮೊರಿ ಕೆಟ್ಟಿರಬಹುದು ಎಂದು ಭಾವಿಸಿ ಪೋಸ್ಟ್‌ಗ್ರೆಸ್ ಉಳಿದೆಲ್ಲ ಸಂಪರ್ಕಗಳನ್ನೂ ಕಡಿದು, ಚೇತರಿಕೆ ನಡೆಸಿ ಮತ್ತೆ ಏಳುತ್ತದೆ. ನೀವು ಕಂಡ ‘ತಾನಾಗಿಯೇ ನಿಂತು ಶುರುವಾದದ್ದು’ ಇದೇ ಇರಬೇಕು. ಆ ದಿನದ ಲಾಗ್ ತೆರೆದು ನೋಡಿ, ಸಿಗ್ನಲ್ 9 ಎಂಬ ಉಲ್ಲೇಖ ಸಿಕ್ಕರೆ ಅನುಮಾನವೇ ಬೇಡ. ನಿಮ್ಮ ದತ್ತಾಂಶಕ್ಕೆ ಇದರಿಂದ ಹಾನಿಯಾಗಿರುವುದಿಲ್ಲ. ಕಮಿಟ್ ಆಗಿದ್ದದ್ದೆಲ್ಲ, ಅಂದರೆ ಖಾಯಂ ಎಂದು ಡೇಟಾಬೇಸ್ ಒಪ್ಪಿಕೊಂಡಿದ್ದದ್ದೆಲ್ಲ, ಉಳಿದಿರುತ್ತದೆ. ಅದು ಉಳಿದದ್ದು ಪ್ರತಿ ಬದಲಾವಣೆಯನ್ನೂ ಪೋಸ್ಟ್‌ಗ್ರೆಸ್ ಮೊದಲು ವಾಲ್ ಎಂಬ ದಾಖಲೆಯಲ್ಲಿ ಬರೆದಿಡುವುದರಿಂದ. ಎಫ್‌ಸಿಂಕ್ ಸಲಹೆಯ ಬಗ್ಗೆ ಮುಂದೆ ಹೇಳುತ್ತೇನೆ.

ಇಂದೇ ಮಾಡಬೇಕಾದದ್ದು: ವರ್ಕ್ ಮೆಮ್ 16 ಎಂಬಿಗೆ ಇಳಿಸಿ. ಅದರ ಮೂಲ ಬೆಲೆ (ನಾವು ಬದಲಿಸದಿದ್ದರೆ ಇರುವ ಅಂಕಿ) 4 ಎಂಬಿ, ಆದ್ದರಿಂದ 16 ಕಡಿಮೆಯೇನಲ್ಲ. ತಿಂಗಳ ವರದಿಯಂಥ ಭಾರಿ ಕೆಲಸಕ್ಕೆ ಹೆಚ್ಚು ಬೇಕಿದ್ದರೆ ಆ ಒಂದು ಟ್ರಾನ್ಸಾಕ್ಷನ್‌ನೊಳಗೆ (ಕಮಿಟ್‌ವರೆಗೆ ಒಟ್ಟಾಗಿ ನಡೆಯುವ ಕೆಲಸ) ಮಾತ್ರ ಸೆಟ್ ಲೋಕಲ್ ಎಂಬ ಆದೇಶ ಬಳಸಿ 256 ಎಂಬಿ ಕೊಡಿ. ಶೇರ್ಡ್ ಬಫರ್ಸನ್ನು 8 ಜಿಬಿಗೆ ತನ್ನಿ. ರ‍್ಯಾಮಿನ ಕಾಲು ಭಾಗದಿಂದ ಆರಂಭಿಸಿ ಎನ್ನುವುದು ಪೋಸ್ಟ್‌ಗ್ರೆಸ್ ಕೈಪಿಡಿಯದೇ ಮಾತು. ಶೇ. 40ಕ್ಕಿಂತ ಹೆಚ್ಚು ಕೊಟ್ಟರೆ ಲಾಭವಾಗುವ ಸಂಭವ ಕಡಿಮೆ ಎಂದೂ ಅದು ಹೇಳುತ್ತದೆ. ಪೋಸ್ಟ್‌ಗ್ರೆಸ್ ಓದುವ ಪ್ರತಿ 8 ಕೆಬಿ ಪುಟವೂ ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್‌ನ ಕ್ಯಾಶ್ (ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಮೂಲಕವೇ ಬರುತ್ತದೆ. ನೀವು 24 ಜಿಬಿ ಕಿತ್ತುಕೊಂಡಾಗ ಆ ಕ್ಯಾಶ್‌ಗೆ ಜಾಗವೇ ಉಳಿಯಲಿಲ್ಲ. ಈ ಸೆಟ್ಟಿಂಗ್‌ಗಳಿರುವ ಕಡತದಲ್ಲೇ ಎಫೆಕ್ಟಿವ್ ಕ್ಯಾಶ್ ಸೈಜ್ ಎಂಬುದು ಸಿಗುತ್ತದೆ, ಅದನ್ನು 24 ಜಿಬಿ ಮಾಡಿ. ಹೆದರಬೇಡಿ, ಅದು ಒಂದು ಬೈಟ್ ಮೆಮೊರಿಯನ್ನೂ ಹಿಡಿದಿಡುವುದಿಲ್ಲ. ಒಟ್ಟು ಇಷ್ಟು ಕ್ಯಾಶ್ ಸಿಗಬಹುದು ಎಂದು ಪ್ಲಾನರ್‌ಗೆ (ಕ್ವೆರಿಯನ್ನು ಹೇಗೆ ನಡೆಸಬೇಕೆಂದು ನಿರ್ಧರಿಸುವ ಭಾಗ) ಕೊಡುವ ಅಂದಾಜು ಅಷ್ಟೇ.

ಸಾವಿರ ಸಂಪರ್ಕಗಳ ವಿಷಯ. ಎಂಟು ಕೋರ್‌ಗಳು ಒಂದು ಕ್ಷಣದಲ್ಲಿ ಎಂಟು ಕೆಲಸಗಳನ್ನಷ್ಟೇ ಮಾಡಬಲ್ಲವು. ಬಾಗಿಲು ಅಗಲ ಮಾಡಿದರೆ ಒಳಗೆ ನೂಕುನುಗ್ಗಲು ಹೆಚ್ಚುತ್ತದೆ, ಕೆಲಸ ಬೇಗ ಮುಗಿಯುವುದಿಲ್ಲ. ಮಿತಿಯನ್ನು ಮೂಲ ಬೆಲೆಯಾದ 100ಕ್ಕೆ ಇಳಿಸಿ, ಮುಂದೆ ಪಿಜಿಬೌನ್ಸರ್‌ನಂಥ ಪೂಲರ್ (ಹಲವರ ಬೇಡಿಕೆಗಳನ್ನು ಕೆಲವೇ ಸಂಪರ್ಕಗಳಲ್ಲಿ ಕಳುಹಿಸುವ ಸಾಫ್ಟ್‌ವೇರ್) ನಿಲ್ಲಿಸಿ, ಡೇಟಾಬೇಸಿಗೆ ಇಪ್ಪತ್ತು ಮೂವತ್ತು ಸಂಪರ್ಕಗಳಷ್ಟೇ ತಲುಪುವಂತೆ ಮಾಡಿ. ಇದರಲ್ಲೂ ಒಂದು ಅಪಾಯವಿದೆ: ಪೂಲರನ್ನು ಟ್ರಾನ್ಸಾಕ್ಷನ್ ರೀತಿಯಲ್ಲಿ, ಅಂದರೆ ಪ್ರತಿ ಟ್ರಾನ್ಸಾಕ್ಷನ್‌ಗೂ ಬೇರೆ ಸಂಪರ್ಕ ಸಿಗಬಹುದಾದಂತೆ, ನಡೆಸಿದರೆ ಸೆಷನ್ (ಒಂದು ಸಂಪರ್ಕದ ಅವಧಿ) ಉದ್ದಕ್ಕೂ ಉಳಿಯಬೇಕಾದ ಸೆಟ್ಟಿಂಗ್‌ಗಳು, ಸೂಚನೆಗಾಗಿ ಕಾಯುವ ಲಿಸನ್ ಆದೇಶ, ಸೆಷನ್ ಮಟ್ಟದ ಅಡ್ವೈಸರಿ ಲಾಕ್‌ಗಳು ಕೈಕೊಡುತ್ತವೆ. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳಿಗೆ (ಮೊದಲೇ ಸಿದ್ಧಪಡಿಸಿಟ್ಟ ಕ್ವೆರಿಗಳು) ಈ ರೀತಿಯಲ್ಲಿ ಬೆಂಬಲ ಬಂದದ್ದು ಪಿಜಿಬೌನ್ಸರ್‌ನ 2023ರ 1.21 ಆವೃತ್ತಿಯಲ್ಲಿ. ಹಳೆಯ ಪೂಲರ್ ಹಾಕಿದರೆ ಅಲ್ಲೂ ಎಡವುತ್ತೀರಿ.

ಇನ್ನು ನಿಜವಾದ ರೋಗಕ್ಕೆ ಬರೋಣ.

ನೀವು ಕಳುಹಿಸಿದ ಪ್ಲಾನ್ ನೋಡಿ ನನಗೆ ಸಂತೋಷವಾಯಿತು. ಬಹುಪಾಲು ಪತ್ರಗಳಲ್ಲಿ ‘ಸರ್ವರ್ ಸ್ಲೋ’ ಎಂಬ ಮಾತಿನ ಹೊರತು ಏನೂ ಇರುವುದಿಲ್ಲ. ನಿಮ್ಮ ಪ್ಲಾನ್‌ನಲ್ಲಿ ಮೂರು ಸಂಗತಿಗಳು ಎದ್ದು ಕಾಣುತ್ತವೆ. ಆರ್ಡರ್ ಟೇಬಲ್ ಮೇಲೆ ಸೀಕ್ವೆನ್ಷಿಯಲ್ ಸ್ಕ್ಯಾನ್ ನಡೆದಿದೆ. ಸಿಕ್ಕ ಸಾಲುಗಳು 1,340. ಫಿಲ್ಟರ್ ತಳ್ಳಿಹಾಕಿದ ಸಾಲುಗಳು ಸುಮಾರು 2 ಕೋಟಿ. ಅಂದರೆ 1,340 ಸಾಲುಗಳಿಗಾಗಿ ಇಡೀ ಟೇಬಲನ್ನು ಮೊದಲಿನಿಂದ ಕೊನೆಯವರೆಗೆ ಓದಲಾಗಿದೆ. ಯಾರಾದರೂ ಆ ಪುಟ ತೆರೆದಾಗಲೆಲ್ಲ ಇದೇ ಆಗುತ್ತದೆ. ನಿಮ್ಮ ಬೆಳಗಿನ ಸಿಪಿಯುವಿನ ಒಂದು ಪಾಲು ಹೋಗುತ್ತಿರುವುದು ಇಲ್ಲಿಗೆ.

ದಿನಾಂಕಕ್ಕೆ ಇಂಡೆಕ್ಸ್ ಇದೆಯಲ್ಲ ಎನ್ನುತ್ತೀರಿ. ಇದೆ, ಆದರೆ ನಿಮ್ಮ ಕ್ವೆರಿ ಅದನ್ನು ಮುಟ್ಟಲು ಬಿಡುತ್ತಿಲ್ಲ. ನಿಘಂಟನ್ನು ನೆನಪಿಸಿಕೊಳ್ಳಿ. ‘ಮಾತು’ ಎಂದು ಶುರುವಾಗುವ ಪದಗಳನ್ನು ಹುಡುಕು ಎಂದರೆ ಯಾರಾದರೂ ಅರೆಗಳಿಗೆಯಲ್ಲಿ ಆ ಪುಟ ತೆರೆಯುತ್ತಾರೆ. ‘ಗಾರ’ ಎಂದು ಮುಗಿಯುವ ಪದಗಳನ್ನೆಲ್ಲ ಹುಡುಕು ಎಂದರೆ? ಮಾತುಗಾರ, ಬೇಟೆಗಾರ, ಸೊಗಸುಗಾರ ಮೂರೂ ಮೂರು ಕಡೆ ಚದುರಿವೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದದೆ ಗತಿಯಿಲ್ಲ. ನಿಘಂಟಿನ ಜೋಡಣೆಯಲ್ಲಿ ತಪ್ಪಿಲ್ಲ, ಕೇಳಿದ ರೀತಿ ಆ ಜೋಡಣೆಗೆ ಹೊಂದುವುದಿಲ್ಲ. ನಿಮ್ಮ ಕ್ವೆರಿಯಲ್ಲಿ ಆಗಿರುವುದೂ ಇದೇ. ದಾಖಲಾದ ಸಮಯದ ಕಾಲಂ ಅನ್ನು ಡೇಟ್ ಎಂಬ ಫಂಕ್ಷನ್‌ನಲ್ಲಿ ಸುತ್ತಿ, ಬಂದ ಉತ್ತರವನ್ನು ಇಂದಿನ ದಿನಾಂಕಕ್ಕೆ ಹೋಲಿಸಿದ್ದೀರಿ. ಇಂಡೆಕ್ಸ್ ಜೋಡಿಸಿಟ್ಟಿರುವುದು ಮೂಲ ಸಮಯವನ್ನು, ಫಂಕ್ಷನ್‌ನ ಉತ್ತರವನ್ನಲ್ಲ. ಆದ್ದರಿಂದ ಪ್ರತಿ ಸಾಲಿನ ಮೇಲೂ ಫಂಕ್ಷನ್ ಓಡಿಸಿ ನೋಡುವುದು ಅನಿವಾರ್ಯವಾಗಿದೆ.

ಪರಿಹಾರ ಸರಳವಾಗಿದೆ. ಕಾಲಂ ಅನ್ನು ಫಂಕ್ಷನ್‌ನಲ್ಲಿ ಸುತ್ತದೆ ಹಾಗೆಯೇ ಬಿಡಿ. ಸಮಯವು ಇಂದಿನ ನಡುರಾತ್ರಿಗೆ ಸಮ ಅಥವಾ ಅದಕ್ಕಿಂತ ಹೆಚ್ಚು, ನಾಳೆಯ ನಡುರಾತ್ರಿಗಿಂತ ಕಡಿಮೆ ಎಂದು ಎರಡು ಅಂಚುಗಳಿಟ್ಟು ಕೇಳಿ. ಫಂಕ್ಷನ್ ಮೇಲೆಯೇ ಇಂಡೆಕ್ಸ್ ಕಟ್ಟಬಹುದಲ್ಲವೇ ಎಂಬ ಯೋಚನೆ ಬಂದೀತು. ನಿಮ್ಮ ಕಾಲಂ ಟೈಮ್‌ಝೋನ್ ಸಹಿತವಾದದ್ದು. ಅದರ ದಿನಾಂಕ ಯಾವುದು ಎನ್ನುವುದು ಸೆಷನ್‌ನ ಟೈಮ್‌ಝೋನ್ ಮೇಲೆ ನಿಂತಿರುವುದರಿಂದ ಪೋಸ್ಟ್‌ಗ್ರೆಸ್ ನೇರವಾಗಿ ಅಂಥ ಇಂಡೆಕ್ಸ್ ಕಟ್ಟಲು ಒಪ್ಪುವುದಿಲ್ಲ. ಎರಡು ಅಂಚಿನ ದಾರಿಯೇ ಒಳ್ಳೆಯದು.

ಇದಕ್ಕೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಪುಟ ಕೇಳುವುದು ಒಂದು ಶಾಖೆಯ, ಒಂದು ದಿನದ ಆರ್ಡರ್‌ಗಳನ್ನು. ಶಾಖೆ ಮತ್ತು ಸಮಯ ಎರಡನ್ನೂ ಸೇರಿಸಿದ ಒಂದೇ ಇಂಡೆಕ್ಸ್ ಕಟ್ಟಿ. ಶಾಖೆ ಮೊದಲು, ಸಮಯ ನಂತರ. ಅನುಕ್ರಮ ಮುಖ್ಯ: ‘ಇದಕ್ಕೆ ಸಮ’ ಎಂದು ಕೇಳುವ ಕಾಲಂ ಮುಂದೆ, ‘ಇಲ್ಲಿಂದ ಇಲ್ಲಿಯವರೆಗೆ’ ಎಂದು ಕೇಳುವ ಕಾಲಂ ಹಿಂದೆ. ಹಾಗಿಟ್ಟರೆ ಬೇಕಾದ 1,340 ನಮೂದುಗಳು ಇಂಡೆಕ್ಸ್‌ನಲ್ಲಿ ಅಕ್ಕಪಕ್ಕದಲ್ಲೇ ಕೂತಿರುತ್ತವೆ. ಕಟ್ಟುವಾಗ ಕನ್ಕರೆಂಟ್ಲಿ ಎಂಬ ಪದವನ್ನು ಮರೆಯಬೇಡಿ. ಅದಿಲ್ಲದಿದ್ದರೆ ಕಟ್ಟಿ ಮುಗಿಯುವವರೆಗೆ ಆ ಟೇಬಲ್‌ಗೆ ಯಾರೂ ಬರೆಯಲಾಗದು, ಹೊಸ ಆರ್ಡರ್‌ಗಳು ಬಾಗಿಲಲ್ಲೇ ನಿಲ್ಲುತ್ತವೆ. ಅದು ಇದ್ದರೆ ಟೇಬಲನ್ನು ಎರಡು ಸಲ ಓದಬೇಕಾಗಿ ತಡವಾಗುತ್ತದೆ. ನಡುವೆ ಕೆಟ್ಟರೆ ಕೆಲಸಕ್ಕೆ ಬಾರದ, ‘ಇನ್‌ವ್ಯಾಲಿಡ್’ ಎಂಬ ಗುರುತಿನ ಇಂಡೆಕ್ಸ್ ಹಿಂದೆ ಉಳಿಯುತ್ತದೆ. ಅದನ್ನು ಕೈಯಾರೆ ಅಳಿಸಿ ಮತ್ತೆ ಕಟ್ಟಬೇಕು.

ಹಾಗೆಂದು ಕಂಡ ಕಾಲಂಗೆಲ್ಲ ಇಂಡೆಕ್ಸ್ ಕಟ್ಟಬೇಡಿ. ಹೊಸ ಸಾಲು ಬಂದಾಗ ಟೇಬಲ್ ಮೇಲಿರುವ ಎಲ್ಲ ಇಂಡೆಕ್ಸ್‌ಗಳಿಗೂ ನಮೂದು ಸೇರಿಸಬೇಕಾಗುತ್ತದೆ. ಅದಕ್ಕಿಂತ ಹೆಚ್ಚಿನ ಚಿಂತೆ, ಪದೇ ಪದೇ ಬದಲಾಗುವ ‘ಸ್ಥಿತಿ’ಯಂಥ ಕಾಲಂ ಇಂಡೆಕ್ಸ್‌ನಲ್ಲಿದ್ದರೆ ಇಂಡೆಕ್ಸ್‌ಗಳನ್ನು ಮುಟ್ಟದೆಯೇ ಸಾಲು ತಿದ್ದುವ ಅಗ್ಗದ ದಾರಿ ಪೋಸ್ಟ್‌ಗ್ರೆಸ್‌ಗೆ ಮುಚ್ಚಿಹೋಗುತ್ತದೆ.

ಈಗ ನಿಮ್ಮ ಪತ್ರದ ಒಂದು ಮಾತು: ‘ಆರು ತಿಂಗಳಿಂದ ದಿನೇ ದಿನೇ’. ಸಾಲುಗಳು ಹೆಚ್ಚಿದಂತೆ ಪೂರ್ತಿ ಓದುವ ಕ್ವೆರಿ ನಿಧಾನವಾಗುವುದು ಸಹಜ. ಆದರೆ ಆರ್ಡರ್ ಟೇಬಲ್ ಎಂದಾಗ ನನಗೆ ಇನ್ನೊಂದು ಸಂಶಯ ಕಾಡುತ್ತದೆ. ಪೋಸ್ಟ್‌ಗ್ರೆಸ್ ಒಂದು ಸಾಲನ್ನು ತಿದ್ದುವಾಗ ಹಳೆಯದರ ಮೇಲೆ ಬರೆಯುವುದಿಲ್ಲ. ಹೊಸ ಪ್ರತಿಯೊಂದನ್ನು ಬರೆದು ಹಳೆಯದನ್ನು ಅಲ್ಲಿಯೇ ಬಿಡುತ್ತದೆ. ಬಂದಿದೆ, ಕಟ್ಟಿದೆ, ಹೊರಟಿದೆ, ತಲುಪಿದೆ ಎಂದು ಒಂದು ಆರ್ಡರ್‌ನ ಸ್ಥಿತಿ ಮೂರು ಸಲ ಬದಲಾದರೆ ಮೂರು ಸತ್ತ ಪ್ರತಿಗಳು ಉಳಿದಂತಾಯಿತು. ಅವನ್ನು ಗುಡಿಸುವ ಕೆಲಸ ಆಟೋವ್ಯಾಕ್ಯೂಮ್‌ನದು. ಅದು ಏಳುವುದು ಸತ್ತ ಸಾಲುಗಳು ಟೇಬಲ್‌ನ ಶೇ. 20ರ ಮೇಲೆ ಇನ್ನೈವತ್ತು ಸಾಲು ದಾಟಿದಾಗ. ಸಾವಿರ ಸಾಲಿನ ಟೇಬಲ್‌ಗೆ ಅದು ಸರಿ. 2 ಕೋಟಿಗೆ? 40 ಲಕ್ಷ ಸತ್ತ ಸಾಲುಗಳು ಸೇರುವವರೆಗೆ ಪೊರಕೆ ಮೇಲೇಳುವುದಿಲ್ಲ. ಈ ಒಂದು ಟೇಬಲ್‌ಗಷ್ಟೇ ಅನುಪಾತವನ್ನು 0.2ರಿಂದ 0.01ಕ್ಕೆ ಇಳಿಸಿ. ಆಗ ಸುಮಾರು 2 ಲಕ್ಷಕ್ಕೇ ಗುಡಿಸಲು ಶುರುವಾಗುತ್ತದೆ. ಆಟೋವ್ಯಾಕ್ಯೂಮ್ ಓಡುವಾಗ ಸರ್ವರ್ ಬಿಸಿಯಾಗುತ್ತದೆ ಎಂದು ಅದನ್ನು ಆಫ್ ಮಾಡಿಟ್ಟವರನ್ನು ನೋಡಿದ್ದೇನೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಅಪರೂಪಕ್ಕೊಮ್ಮೆ ಬೆಟ್ಟದಷ್ಟು ಗುಡಿಸುವುದಕ್ಕಿಂತ ಆಗಾಗ ಸ್ವಲ್ಪ ಗುಡಿಸುವುದೇ ಹಗುರ.

ಗುಡಿಸಲಾಗದ ಸ್ಥಿತಿಯೂ ಒಂದಿದೆ. ಅದನ್ನು ಕಣ್ಣಾರೆ ಕಂಡ ಮೇಲೆ ಯಾವ ಸರ್ವರ್ ತೆರೆದರೂ ನಾನು ಮೊದಲು ನೋಡುವುದೇ ಅದನ್ನು. ಕೆಲವು ವರ್ಷಗಳ ಹಿಂದೆ ಒಂದು ಕಡೆಯಿಂದ ಕರೆ ಬಂತು. ಆಟೋವ್ಯಾಕ್ಯೂಮ್ ಎಡೆಬಿಡದೆ ಓಡುತ್ತಿತ್ತು, ಆದರೂ ಸತ್ತ ಸಾಲುಗಳ ಸಂಖ್ಯೆ ಏರುತ್ತಲೇ ಇತ್ತು. ವಿವರ ತೋರಿಸುತ್ತ ಗುಡಿಸುವ ವ್ಯಾಕ್ಯೂಮ್ ವರ್ಬೋಸ್ ಆದೇಶವನ್ನು ಕೈಯಿಂದ ಓಡಿಸಿದೆ. ಸತ್ತಿವೆ, ಆದರೆ ಇನ್ನೂ ತೆಗೆಯಲಾಗದು ಎಂಬ ಸಾಲು ಕಾಣಿಸಿತು. ಸಂಪರ್ಕಗಳ ಪಟ್ಟಿಯಾದ ಪಿಜಿ ಸ್ಟ್ಯಾಟ್ ಆಕ್ಟಿವಿಟಿಯನ್ನು ಟ್ರಾನ್ಸಾಕ್ಷನ್ ಶುರುವಾದ ಹೊತ್ತಿನ ಪ್ರಕಾರ ಜೋಡಿಸಿ ನೋಡಿದರೆ ಎಲ್ಲಕ್ಕಿಂತ ಮೇಲೆ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂಬ ಒಂದು ಸಂಪರ್ಕ. ನಾಲ್ಕು ದಿನ ಹಳೆಯದು. ಒಬ್ಬರು ತಮ್ಮ ಕಂಪ್ಯೂಟರಿನಿಂದ ಬಿಗಿನ್ ಎಂದು ಬರೆದು, ಒಂದು ಸಾಲನ್ನು ತಿದ್ದಿ, ಕಮಿಟ್ ಮಾಡದೆ ರಜೆಗೆ ಹೋಗಿದ್ದರು. ತೆರೆದೇ ಇದ್ದ ಆ ಟ್ರಾನ್ಸಾಕ್ಷನ್‌ಗೆ ಹಳೆಯ ಪ್ರತಿಗಳು ಬೇಕಾಗಬಹುದು ಎಂದು ಆ ನಾಲ್ಕು ದಿನಗಳಲ್ಲಿ ಸತ್ತ ಯಾವ ಸಾಲನ್ನೂ ತೆಗೆಯುವಂತಿರಲಿಲ್ಲ. ಆ ಸಂಪರ್ಕವನ್ನು ಕಡಿದ ಮೇಲೆ ಮುಂದಿನ ಸುತ್ತಿನಲ್ಲೇ ಎಲ್ಲವೂ ತೆರವಾಯಿತು. ಆ ತಂಡ ಅದೇ ವಾರ ಹೊಸ ಸರ್ವರ್ ಖರೀದಿಗೆ ಸಹಿ ಹಾಕುವುದರಲ್ಲಿತ್ತು. ಈ ಬಗೆಯ ಸಂಪರ್ಕಗಳಿಗೆ ಕಾಲಮಿತಿ ಹಾಕುವ ಸೆಟ್ಟಿಂಗ್ ಪೋಸ್ಟ್‌ಗ್ರೆಸ್‌ನಲ್ಲಿದೆ, ಮೂಲತಃ ಅದು ಆಫ್ ಆಗಿರುತ್ತದೆ. ಐದು ನಿಮಿಷ ಇಡಿ. ನಿಮ್ಮ ಸಾಫ್ಟ್‌ವೇರ್‌ನಲ್ಲೇ ಟ್ರಾನ್ಸಾಕ್ಷನ್ ತೆರೆದಿಟ್ಟು ಬೇರೆ ಕೆಲಸಕ್ಕೆ ಕಾಯುವ ಭಾಗವಿದ್ದರೆ ಅಲ್ಲಿ ದೋಷಗಳು ಕಾಣಿಸಿಕೊಂಡಾವು. ಕಾಣಿಸಿಕೊಳ್ಳಲಿ, ಆ ಭಾಗವನ್ನು ತಿದ್ದಲೇಬೇಕು.

ಟೇಬಲ್ ಈಗಾಗಲೇ ಊದಿಕೊಂಡಿದ್ದರೆ ವ್ಯಾಕ್ಯೂಮ್ ಫುಲ್ ಮಾಡಿ ಎಂದು ಯಾರಾದರೂ ಹೇಳಿಯಾರು. ಅದು ಇಡೀ ಟೇಬಲನ್ನು ಹೊಸದಾಗಿ ಬರೆಯುತ್ತದೆ. ಮುಗಿಯುವವರೆಗೆ ಬರೆಯುವುದಿರಲಿ, ಓದುವುದಕ್ಕೂ ಯಾರನ್ನೂ ಬಿಡುವುದಿಲ್ಲ. ಹೊಸ ಪ್ರತಿಗೆ ಡಿಸ್ಕ್‌ನಲ್ಲಿ ಜಾಗವೂ ಬೇಕು. ಕೆಲಸದ ಹೊತ್ತಿನಲ್ಲಿ ಅದನ್ನು ಓಡಿಸಬೇಡಿ. ಸಾಮಾನ್ಯ ವ್ಯಾಕ್ಯೂಮ್ ಕಡತವನ್ನು ಕುಗ್ಗಿಸುವುದು ಕಡಿಮೆ, ಆದರೆ ಖಾಲಿಯಾದ ಜಾಗದಲ್ಲಿ ಹೊಸ ಸಾಲುಗಳು ಕೂರುತ್ತವೆ. ಬಹಳಷ್ಟು ಸಂದರ್ಭಗಳಲ್ಲಿ ಅಷ್ಟು ಸಾಕು.

‘ಇಂದಿನ ಆರ್ಡರ್‌ಗಳು’ ಪುಟ ನಿಮ್ಮ ಕಣ್ಣಿಗೆ ಬಿದ್ದದ್ದು ಅದರ 9 ಸೆಕೆಂಡ್‌ಗಳಿಂದ. ಆದರೆ ಸರ್ವರನ್ನು ಹೆಚ್ಚು ದಣಿಸುತ್ತಿರುವುದು ಅದೇ ಎಂದು ಈಗಲೇ ಹೇಳಲಾಗದು. ಯಾವ ಕ್ವೆರಿ ಎಷ್ಟು ಸಲ, ಎಷ್ಟು ಹೊತ್ತು ಓಡಿತೆಂದು ಲೆಕ್ಕವಿಡುವ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಎಂಬ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ಅದಕ್ಕೆ ಒಂದು ಸಲ ರೀಸ್ಟಾರ್ಟ್ ಬೇಕು, ಶೇರ್ಡ್ ಬಫರ್ಸ್ ಬದಲಾವಣೆಗೂ ಬೇಕು, ಎರಡನ್ನೂ ಒಟ್ಟಿಗೆ ಮುಗಿಸಿ. ಒಂದು ದಿನ ಓಡಲು ಬಿಟ್ಟು ಒಟ್ಟು ಸಮಯದ ಪ್ರಕಾರ ಜೋಡಿಸಿ ನೋಡಿ, ಸರಾಸರಿಯ ಪ್ರಕಾರವಲ್ಲ. ಏಕೆಂದರೆ 9 ಸೆಕೆಂಡಿನ ಕ್ವೆರಿ ದಿನಕ್ಕೆ 300 ಸಲ ಓಡಿದರೆ 45 ನಿಮಿಷ. 3 ಮಿಲಿಸೆಕೆಂಡಿನ ಕ್ವೆರಿ 40 ಲಕ್ಷ ಸಲ ಓಡಿದರೆ ಮೂರು ಗಂಟೆ ಇಪ್ಪತ್ತು ನಿಮಿಷ. ಎರಡನೆಯದರ ಬಗ್ಗೆ ಯಾರೂ ದೂರುವುದಿಲ್ಲ, ಒಂದೊಂದಾಗಿ ನೋಡಿದರೆ ಅದು ವೇಗವಾಗಿಯೇ ಇದೆ. ಸಾಮಾನ್ಯವಾಗಿ ಅದರ ಹಿಂದೆ ಒಂದು ಲೂಪ್ ಇರುತ್ತದೆ: ಪಟ್ಟಿಯಲ್ಲಿ 50 ಆರ್ಡರ್‌ಗಳು, ಪ್ರತಿಯೊಂದಕ್ಕೂ ಗ್ರಾಹಕರ ಹೆಸರು ತರಲು ಇನ್ನೊಂದು ಕ್ವೆರಿ. ಅದನ್ನು ಡೇಟಾಬೇಸಿನ ಯಾವ ಸೆಟ್ಟಿಂಗೂ ಸರಿಪಡಿಸದು. ಎರಡೂ ಟೇಬಲ್‌ಗಳನ್ನು ಒಂದೇ ಕ್ವೆರಿಯಲ್ಲಿ ಸೇರಿಸುವ ಒಂದು ಜಾಯಿನ್ ಸರಿಪಡಿಸುತ್ತದೆ.

ಸಣ್ಣ ಸೆಟ್ಟಿಂಗ್‌ಗಳಲ್ಲಿ ಎರಡು ನಿಮಗೆ ಪ್ರಯೋಜನಕ್ಕೆ ಬರುತ್ತವೆ. ಡಿಸ್ಕ್‌ನಲ್ಲಿ ಅಲ್ಲಲ್ಲಿ ಚದುರಿದ ಪುಟ ಓದುವ ಖರ್ಚಿನ ಅಂದಾಜಾದ ರ‍್ಯಾಂಡಮ್ ಪೇಜ್ ಕಾಸ್ಟ್‌ನ ಮೂಲ ಬೆಲೆ 4, ತಿರುಗುವ ಡಿಸ್ಕ್‌ಗಳಿಗೆ ಹೊಂದುವಂಥದ್ದು. ಎಸ್‌ಎಸ್‌ಡಿಗೆ 1.1 ಇಟ್ಟರೆ ಪ್ಲಾನರ್ ಇಂಡೆಕ್ಸ್ ಬಳಸಲು ಹಿಂಜರಿಯುವುದಿಲ್ಲ. ಚೆಕ್‌ಪಾಯಿಂಟ್‌ಗಳು (ಮೆಮೊರಿಯಲ್ಲಿನ ಬದಲಾವಣೆಗಳನ್ನು ಡಿಸ್ಕ್‌ಗೆ ಇಳಿಸುವ ಕೆಲಸ) ತೀರ ಬೇಗ ಬೇಗ ನಡೆಯುತ್ತಿವೆ ಎಂದು ಲಾಗ್ ಹೇಳುತ್ತಿದ್ದರೆ ಮ್ಯಾಕ್ಸ್ ವಾಲ್ ಸೈಜ್ ಅನ್ನು 1 ಜಿಬಿಯಿಂದ 8 ಜಿಬಿಗೆ ಏರಿಸಿ. ಕುಸಿತದ ನಂತರದ ಚೇತರಿಕೆ ತುಸು ತಡವಾಗುತ್ತದೆ, ಅದೇ ಅದರ ಬೆಲೆ.

ಎಫ್‌ಸಿಂಕ್ ಬಗ್ಗೆ ನನ್ನ ಮಾತು ಖಂಡಿತ: ಬೇಡ. ಬರೆದದ್ದು ನಿಜವಾಗಿಯೂ ಡಿಸ್ಕ್ ತಲುಪಿತೇ ಎಂದು ಖಚಿತಪಡಿಸಿಕೊಳ್ಳುವುದೇ ಅದರ ಕೆಲಸ. ಆಫ್ ಮಾಡಿದ ಮೇಲೆ ವಿದ್ಯುತ್ ಹೋದರೆ ಕೊನೆಯ ಕೆಲವು ಆರ್ಡರ್‌ಗಳಷ್ಟೇ ಅಲ್ಲ, ಇಡೀ ಡೇಟಾಬೇಸ್ ತೆರೆಯಲಾಗದಂತೆ ಕೆಡಬಹುದು. ನಿಮ್ಮ ಕಷ್ಟ ಓದುವುದರಲ್ಲಿದೆ, ಬರೆಯುವುದರಲ್ಲಲ್ಲ, ಆದ್ದರಿಂದ ಇದರಿಂದ ಲಾಭವೂ ಇಲ್ಲ. ಮುಂದೆಂದಾದರೂ ಬರವಣಿಗೆಯೇ ಅಡಚಣೆಯಾದರೆ ಸಿಂಕ್ರೊನಸ್ ಕಮಿಟ್ ಆಫ್ ಮಾಡುವ ಸೌಮ್ಯವಾದ ದಾರಿ ಇದೆ. ಸರ್ವರ್ ಕುಸಿದರೆ ಕೊನೆಯ ಅರ್ಧ ಸೆಕೆಂಡಿನ ಆಸುಪಾಸಿನ ಕಮಿಟ್‌ಗಳು ಹೋಗಬಹುದು, ಡೇಟಾಬೇಸ್ ಕೆಡುವುದಿಲ್ಲ. ಅದನ್ನು ಟ್ರಾನ್ಸಾಕ್ಷನ್‌ವಾರು ಆಯ್ದುಕೊಳ್ಳಬಹುದು. ಯಾರು ಯಾವ ಪುಟ ನೋಡಿದರು ಎಂಬಂಥ ದಾಖಲೆಗೆ ಸರಿ. ಹಣದ ವ್ಯವಹಾರಕ್ಕೆ ಸಲ್ಲದು.

ಬೇರೆ ಡೇಟಾಬೇಸ್‌ಗೆ ಹೋದರೆ ಇದೇ ಕ್ವೆರಿ ನಿಮ್ಮ ಜೊತೆಗೇ ಬರುತ್ತದೆ. ಅಲ್ಲಿಯೂ ಕಾಲಂ ಅನ್ನು ಫಂಕ್ಷನ್‌ನಲ್ಲಿ ಸುತ್ತಿದರೆ ಸಾಮಾನ್ಯ ಇಂಡೆಕ್ಸ್ ಕೈಬಿಟ್ಟುಹೋಗುತ್ತದೆ. ಅಂತರಜಾಲದ ಪಟ್ಟಿಗಳಿಗೂ ವಯಸ್ಸಾಗುತ್ತದೆ ಎನ್ನುವುದನ್ನು ಗಮನದಲ್ಲಿಡಿ. ಮೈಎಸ್‌ಕ್ಯೂಎಲ್‌ಗೆ ಕ್ವೆರಿ ಕ್ಯಾಶ್ ಹೆಚ್ಚಿಸಿ ಎಂಬ ಸಲಹೆ ಇಂದಿಗೂ ಕಾಣಸಿಗುತ್ತದೆ, ಆ ಸೌಲಭ್ಯವನ್ನೇ 2018ರ 8.0 ಆವೃತ್ತಿಯಲ್ಲಿ ತೆಗೆದುಹಾಕಲಾಗಿದೆ.

64 ಜಿಬಿಯ ಪ್ರಶ್ನೆ ಉಳಿಯಿತು. ಈಗಲೇ ಹಾಕಿಸಿದರೆ ಇಡೀ ಆರ್ಡರ್ ಟೇಬಲ್ ಮೆಮೊರಿಯಲ್ಲಿ ಕೂತೀತು, 9 ಸೆಕೆಂಡ್ ಬಹುಶಃ ಕಡಿಮೆಯಾದೀತು. 2 ಕೋಟಿ ಸಾಲು ಓದುವ ಕೆಲಸ ಮಾತ್ರ ಹಾಗೇ ಉಳಿಯುತ್ತದೆ, ಸಿಪಿಯು ಹಾಗೇ ಏರಿರುತ್ತದೆ, ಟೇಬಲ್ ಬೆಳೆದಂತೆ ನೀವು ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತೀರಿ. ಇಂದಿನ ತುರ್ತು ಬದಲಾವಣೆಗಳು ಮುಗಿದ ಮೇಲೆ ಉಳಿದ ಕೆಲಸಗಳನ್ನು ಒಂದೊಂದಾಗಿ, ನಡುವೆ ಒಂದೆರಡು ದಿನ ಬಿಟ್ಟು ಮಾಡಿ. ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗದು. ಅದಾದ ಮೇಲೆ ಎಕ್ಸ್‌ಪ್ಲೇನ್‌ಗೆ ಬಫರ್ಸ್ ಎಂಬುದನ್ನೂ ಸೇರಿಸಿ ಓಡಿಸಿ, ಡಿಸ್ಕ್ ಓದುವಿಕೆಯ ಅಂಕಿಗಳನ್ನೂ ನೋಡಿ. ಸರಿಯಾದ ಇಂಡೆಕ್ಸ್ ಬಳಸುವ ಕ್ವೆರಿಗಳೂ ಬೆಳಗಿನ ಹೊತ್ತು ಪದೇ ಪದೇ ಡಿಸ್ಕ್‌ಗೆ ಹೋಗುತ್ತಿದ್ದರೆ ದಿನನಿತ್ಯ ಬೇಕಾಗುವ ದತ್ತಾಂಶ 32 ಜಿಬಿಗೆ ಹಿಡಿಸುತ್ತಿಲ್ಲ ಎಂದರ್ಥ. ಆಗ 64 ಜಿಬಿ ಕೇಳಿ, ಕೇಳಲು ಕಾರಣವೂ ಅಂಕಿಯೂ ನಿಮ್ಮ ಕೈಯಲ್ಲಿರುತ್ತವೆ.

ಸದ್ಯಕ್ಕೆ ಮೇಲಧಿಕಾರಿಗಳಿಂದ ಎರಡು ವಾರದ ಸಮಯ ಕೇಳಿಕೊಳ್ಳಿ. ಕ್ವೆರಿ ತಿದ್ದಿ ಇಂಡೆಕ್ಸ್ ಕಟ್ಟಿದ ಮರುದಿನ ಬೆಳಿಗ್ಗೆ, ಅದೇ 10 ಗಂಟೆಯ ಹೊತ್ತಿಗೆ ಎಕ್ಸ್‌ಪ್ಲೇನ್ ಅನಲೈಸ್ ಮತ್ತೊಮ್ಮೆ ಓಡಿಸಿ. ಹೊಸ ಪ್ಲಾನ್ ಜೊತೆಗೆ ಒಟ್ಟು ಸಮಯದಲ್ಲಿ ಮೇಲಿರುವ ಮೊದಲ ಐದು ಕ್ವೆರಿಗಳನ್ನೂ ನನಗೆ ಕಳುಹಿಸಿ.